ಮಳೆಗಾಲದ ತುರ್ತು ಚೀಲ: ಪದೇ ಪದೇ ಕೇಳುವ ಪ್ರಶ್ನೆಗಳು

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ, ಕಾಲೂರು ಕಡೆ ಗುಡ್ಡಗಳು ಜರಿದಾಗ ಮನೆ ಬಿಟ್ಟು ಹೊರಟ ಸಾವಿರಾರು ಜನರಲ್ಲಿ ನಮ್ಮ ಕುಟುಂಬವೂ ಒಂದು. ಅಂದಿನಿಂದ ಪ್ರತಿ ಮೇ ತಿಂಗಳಲ್ಲಿ ನಮ್ಮ ಮನೆಯ ಬಾಗಿಲ ಹಿಂದೆ ಒಂದು ಚೀಲ ಸಿದ್ಧವಾಗಿ ಕೂರುತ್ತದೆ. ಅದನ್ನು ಕಂಡ ನೆಂಟರು, ನೆರೆಯವರು, ಪರಿಚಯದವರು ಕೇಳುತ್ತಾ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಈ ಚೀಲ ನಿಜಕ್ಕೂ ಯಾವುದಕ್ಕೆ?

ಬೇಗ ಹೊರಡುವುದಕ್ಕೆ. ಕಾಡಿನಲ್ಲಿ ಒಂದು ತಿಂಗಳು ಬದುಕುವುದಕ್ಕೆ ಅಲ್ಲ. ಹೊರಡಬೇಕೆಂದು ಗೊತ್ತಾದ ಮೇಲೆ ಮನೆಯೊಳಗೆ ಕಳೆಯುವ ಸಮಯವೇ ಅತ್ಯಂತ ಅಪಾಯದ ಸಮಯ. ನಾವು ಹೊರಟ ದಿನ ಅಮ್ಮ ಬೀರುವಿನ ಬೀಗದ ಕೈ ಹುಡುಕಿದರು, ನಾನು ಪಡಿತರ ಚೀಟಿ ಹುಡುಕಿದೆ, ತಮ್ಮ ಮೊಬೈಲ್ ಚಾರ್ಜರ್ ಹುಡುಕಿದ. ಕರೆಂಟ್ ಇರಲಿಲ್ಲ, ಹಗಲಿನಲ್ಲೂ ಕತ್ತಲೆ. ಮುಕ್ಕಾಲು ಗಂಟೆ ಹಾಗೇ ಹೋಯಿತು. ನಾವು ದಾಟಿ ಬಂದ ರಸ್ತೆಯ ಮೇಲೆ ಅದೇ ಸಂಜೆ ಬರೆ, ಅಂದರೆ ಗುಡ್ಡದ ಕಡಿದಾದ ಬದಿ, ಕುಸಿದು ಬಿತ್ತು. ಆ ಮುಕ್ಕಾಲು ಗಂಟೆಯನ್ನು ಮೂರು ನಿಮಿಷಕ್ಕೆ ಇಳಿಸುವುದು ಈ ಚೀಲದ ಕೆಲಸ. ಒಳಗೆ ಏನಿರಬೇಕು, ಏನಿರಬಾರದು ಎಂಬುದೆಲ್ಲ ಈ ಒಂದು ಮಾತಿನಿಂದಲೇ ತೀರ್ಮಾನವಾಗುತ್ತದೆ.

ವಿದೇಶದ ವಿಡಿಯೊಗಳಲ್ಲಿ ಬೇಟೆಯ ಚಾಕು, ಬೆಂಕಿ ಹೊತ್ತಿಸುವ ಕಲ್ಲು, ಮೀನಿನ ಗಾಳ, ಡೇರೆ ಎಲ್ಲ ತೋರಿಸುತ್ತಾರೆ. ಅವು ಬೇಡವೇ?

ಬೇಡ. ಊರಿನಿಂದ ಊರಿಗೆ ನೂರಾರು ಮೈಲಿ ಬಯಲಿರುವ ದೇಶದವರಿಗೆ ಅವು ಬೇಕಾಗಬಹುದು. ನಾವು ಹೋಗಿ ಸೇರುವುದು ಮೂರು, ಐದು, ಹೆಚ್ಚೆಂದರೆ ಹದಿನೈದು ಕಿಲೋಮೀಟರ್ ಆಚೆಯ ಶಾಲೆ, ಕಲ್ಯಾಣ ಮಂಟಪ ಅಥವಾ ಸಮುದಾಯ ಭವನದಲ್ಲಿ ತೆರೆದಿರುವ ಕಾಳಜಿ ಕೇಂದ್ರಕ್ಕೆ. ಅಲ್ಲಿ ಅನ್ನ ಸಿಗುತ್ತದೆ, ಚಾಪೆ ಸಿಗುತ್ತದೆ. ನಿಮ್ಮ ಅಜ್ಜಿಯ ರಕ್ತದೊತ್ತಡದ ಮಾತ್ರೆ ಸಿಗುವುದಿಲ್ಲ, ನಿಮ್ಮ ಕನ್ನಡಕ ಸಿಗುವುದಿಲ್ಲ, ಒಣಗಿದ ಒಳಉಡುಪು ಮೊದಲ ದಿನ ಸಿಗುವುದಿಲ್ಲ. ಬೇರೆಯವರು ಕೊಡಲಾಗದ್ದನ್ನು ಮೊದಲು ತುಂಬಿ. ತರಕಾರಿ ಹೆಚ್ಚುವ ಒಂದು ಸಣ್ಣ ಚಾಕು, ಬೆಂಕಿಪೊಟ್ಟಣದ ಬದಲು ಒಂದು ಲೈಟರ್, ಹತ್ತು ಮೀಟರ್ ನೈಲಾನ್ ಹಗ್ಗ, ಇಷ್ಟಿದ್ದರೆ ಸಾಕು.

ಎಂಥ ಚೀಲ? ಎಷ್ಟು ಭಾರ?

ಮಕ್ಕಳ ಹಳೆಯ ಶಾಲಾ ಚೀಲವೇ ಆಗುತ್ತದೆ, ಹೊಲಿಗೆ ಗಟ್ಟಿಯಾಗಿದ್ದರೆ. ಎರಡೂ ಹೆಗಲಿಗೆ ಏರಿಸುವಂತಿರಬೇಕು. ಕೈಯಲ್ಲಿ ಹಿಡಿಯುವ ಚೀಲ, ಗಾಲಿಯ ಸೂಟ್‌ಕೇಸ್ ಕೆಸರಿನಲ್ಲಿ ನಡೆಯುವುದಿಲ್ಲ. ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ಮಗು ಅಥವಾ ಅಜ್ಜಿಯ ಕೈ ಇರುತ್ತದೆ. ಚೀಲಕ್ಕೆ ಕೈ ಉಳಿಯುವುದಿಲ್ಲ.

ಭಾರ ನಿಮ್ಮ ಮೈತೂಕದ ಹತ್ತನೇ ಒಂದು ಭಾಗ ದಾಟದಿರಲಿ. ಅರವತ್ತು ಕಿಲೋ ತೂಗುವವರಿಗೆ ಆರು ಕಿಲೋ. ಕಡಿಮೆ ಎನಿಸುತ್ತದೆಯೇ? ತುಂಬಿದ ಚೀಲವನ್ನು ಹೊತ್ತು ಮಳೆಯಲ್ಲಿ ಒಂದು ಕಿಲೋಮೀಟರ್ ಏರುದಾರಿಯಲ್ಲಿ ನಡೆದು ನೋಡಿ, ಆಮೇಲೆ ಯೋಚಿಸಿ. ಇಡೀ ಮನೆಗೆ ಒಂದೇ ದೊಡ್ಡ ಚೀಲ ಮಾಡಬೇಡಿ. ಅದನ್ನು ಹೊತ್ತವರು ಬೇರೆ ಜೀಪು ಹತ್ತಿದರೆ ಉಳಿದವರ ಕೈ ಖಾಲಿ. ದೊಡ್ಡವರಿಗೆ ತಲೆಗೊಂದು ಚೀಲ, ಮಗುವಿಗೆ ಅದರ ಹೆಸರು ಮತ್ತು ಎರಡು ಫೋನ್ ನಂಬರ್ ಬರೆದ ಪುಟ್ಟ ಚೀಲ.

ಮಳೆಯ ವಿಷಯದಲ್ಲಿ ಹೊರಗಿನ ಹೊದಿಕೆಯನ್ನು ನಂಬಬೇಡಿ. ಚೀಲದ ಒಳಗೆ ದಪ್ಪ ಪ್ಲಾಸ್ಟಿಕ್ ಚೀಲವೊಂದನ್ನು ಇಳಿಬಿಟ್ಟು, ಸಾಮಾನುಗಳನ್ನು ಅದರೊಳಗೆ ಹಾಕಿ, ಬಾಯಿ ತಿರುಚಿ ಮಡಚಿ ರಬ್ಬರ್ ಬ್ಯಾಂಡ್ ಕಟ್ಟಿ.

ಕುಡಿಯುವ ನೀರು ಎಷ್ಟು?

ಒಬ್ಬರಿಗೆ ದಿನಕ್ಕೆ ಮೂರು ಲೀಟರ್ ಎಂಬುದು ಸಾಮಾನ್ಯ ಲೆಕ್ಕ. ಆದರೆ ಮೂರು ಲೀಟರ್ ಎಂದರೆ ಮೂರು ಕಿಲೋ. ನಡೆದು ಹೋಗುವವರು ಒಂದೊಂದು ಲೀಟರ್ ಹೊತ್ತು, ಜೊತೆಗೆ ಕ್ಲೋರಿನ್ ಮಾತ್ರೆ ಇಟ್ಟುಕೊಳ್ಳಿ. ಎಷ್ಟು ನೀರಿಗೆ ಎಷ್ಟು ಮಾತ್ರೆ, ಎಷ್ಟು ಹೊತ್ತು ಬಿಡಬೇಕು ಎಂಬುದು ಮಾತ್ರೆಯ ಪೊಟ್ಟಣದ ಮೇಲೆಯೇ ಇರುತ್ತದೆ. ಕೆಂಪು ನೀರನ್ನು ಮೊದಲು ನಾಲ್ಕು ಮಡಿಕೆಯ ಹತ್ತಿ ಬಟ್ಟೆಯಲ್ಲಿ ಸೋಸಿ, ತಿಳಿಯಾದ ಮೇಲೆ ಮಾತ್ರೆ ಹಾಕಿ. ಕೆಸರಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಒಲೆ ಸಿಕ್ಕರೆ ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಕುದಿಸಿ.

ಸುತ್ತಲೂ ಇಷ್ಟು ನೀರಿರುವಾಗ ನೀರು ಹೊರುವುದೇಕೆ ಎಂದು ಕೇಳುವವರಿದ್ದಾರೆ. ಪ್ರವಾಹದ ನೀರಿನಲ್ಲಿ ಕೊಟ್ಟಿಗೆಯ ಗಂಜಲ, ಶೌಚಗುಂಡಿ, ಸತ್ತ ಪ್ರಾಣಿ, ತೋಟಕ್ಕೆ ಹೊಡೆದ ಔಷಧ ಎಲ್ಲವೂ ಸೇರಿರುತ್ತದೆ. ಔಷಧದ ವಿಷ ಕುದಿಸಿದರೂ ಹೋಗುವುದಿಲ್ಲ.

ತಿನ್ನಲು ಏನು ಇಡಬೇಕು?

ಒಂದು ದಿನ, ಹೆಚ್ಚೆಂದರೆ ಎರಡು ದಿನಕ್ಕೆ ಸಾಕಾಗುವಷ್ಟು. ಒಲೆ ಬೇಡದ್ದು, ನೀರು ಹೆಚ್ಚು ಕೇಳದ್ದು. ನಮ್ಮ ಹಿರಿಯರ ಬುತ್ತಿಯನ್ನು ನೆನಪಿಸಿಕೊಂಡರೆ ದುಬಾರಿ ಪೊಟ್ಟಣಗಳು ಬೇಕಾಗುವುದಿಲ್ಲ. ಅವಲಕ್ಕಿ ಮತ್ತು ಪುಡಿ ಬೆಲ್ಲ, ಹುರಿಗಡಲೆ, ಶೇಂಗಾ ಚಿಕ್ಕಿ, ಖರ್ಜೂರ. ಹುರಿಹಿಟ್ಟು ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಹಲ್ಲಿಲ್ಲದ ಅಜ್ಜನಿಗೂ ಎರಡು ವರ್ಷದ ಮಗುವಿಗೂ ನೀರಿನಲ್ಲಿ ಕಲಸಿ ಕೊಡಬಹುದು. ಕೃಷ್ಣೆ, ಮಲಪ್ರಭೆಯ ದಂಡೆಯ ಮನೆಗಳಲ್ಲಿ ಕಟಿರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಹೇಗೂ ಇರುತ್ತದೆ. ತೇವ ತಾಗದಂತೆ ಕಟ್ಟಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಬಿಸ್ಕತ್ತು ಇಡುವುದಾದರೆ ಡಬ್ಬಿಯಲ್ಲಿಡಿ, ಇಲ್ಲದಿದ್ದರೆ ಪುಡಿಯಾಗುತ್ತದೆ. ಬೇಯಿಸಬೇಕಾದ ನೂಡಲ್ಸ್, ಅಕ್ಕಿ ಬೇಡ.

ನಾಲ್ಕು ಪೊಟ್ಟಣ ಓಆರ್‌ಎಸ್ (ಭೇದಿಯಾದಾಗ ನೀರಿನಲ್ಲಿ ಕಲಸಿ ಕುಡಿಯುವ ಪುಡಿ) ಮರೆಯಬೇಡಿ. ಅದು ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪಿನ ಅಳತೆ ಮೀರಬಾರದು.

ಔಷಧದ ಡಬ್ಬಿಯಲ್ಲಿ ಏನೇನು?

ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ಶಿಬಿರದಲ್ಲಿ ನಾವು ಹೆಚ್ಚು ಕಷ್ಟಪಟ್ಟದ್ದು ಇದರಿಂದಲೇ. ನಮ್ಮ ಅಜ್ಜಿ ಮಾತ್ರೆಯ ಹಾಳೆಯನ್ನು ಕತ್ತರಿಯಿಂದ ಒಂದೊಂದಾಗಿ ಕತ್ತರಿಸಿ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ಹಾಕಿಡುತ್ತಿದ್ದರು. ಶಿಬಿರಕ್ಕೆ ಬಂದ ವೈದ್ಯರು ಯಾವ ಮಾತ್ರೆ ಎಂದು ಕೇಳಿದಾಗ ಅಜ್ಜಿ, "ಬೆಳಿಗ್ಗೆ ಬಿಳಿಯದು, ರಾತ್ರಿ ಸಣ್ಣ ಗುಲಾಬಿ ಬಣ್ಣದ್ದು" ಎಂದರು. ಬಾಟಲಿಯಲ್ಲಿದ್ದ ಚೂರುಗಳ ಬೆನ್ನಿನ ಮೇಲೆ ಅರ್ಧ ಅಕ್ಷರ, ಕಾಲು ಅಕ್ಷರ. ವೈದ್ಯರು ಟಾರ್ಚ್ ಹಿಡಿದು ಒಂದೊಂದನ್ನೂ ತಿರುಗಿಸಿ ನೋಡಿದರು. ಎರಡು ದಿನ ಅಜ್ಜಿಗೆ ರಕ್ತದೊತ್ತಡದ ಮಾತ್ರೆ ಇಲ್ಲದೆ ಕಳೆಯಿತು.

ಹಾಗಾಗಿ ದಿನವೂ ನುಂಗುವ ಮಾತ್ರೆಗಳನ್ನು ಪೂರ್ತಿ ಹಾಳೆಯಾಗಿಯೇ ಇಡಿ, ಕನಿಷ್ಠ ಒಂದು ವಾರಕ್ಕೆ, ಸಾಧ್ಯವಾದರೆ ಎರಡು ವಾರಕ್ಕೆ. ಜೊತೆಗೆ ವೈದ್ಯರ ಚೀಟಿಯ ಜೆರಾಕ್ಸ್. ಅದರ ಕೆಳಗೆ ನಿಮ್ಮ ಕೈಯಿಂದಲೇ ಕನ್ನಡದಲ್ಲಿ ಬರೆಯಿರಿ: ಯಾರಿಗೆ, ಯಾವ ಕಾಯಿಲೆ, ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಯಾವ ಔಷಧ ಒಗ್ಗುವುದಿಲ್ಲ. ಬಾಲ್‌ಪೆನ್‌ನಲ್ಲಿ ಬರೆದು ಪ್ಲಾಸ್ಟಿಕ್ ಹಾಳೆಯೊಳಗೆ ಸೇರಿಸಿ.

ಇನ್ಸುಲಿನ್ ಬಳಸುವವರು ಅದನ್ನು ಮೊದಲೇ ಚೀಲದಲ್ಲಿಡಲಾಗದು. ಫ್ರಿಜ್‌ನಲ್ಲಿದ್ದದ್ದನ್ನು ಹೊರಡುವಾಗ ತೆಗೆದುಕೊಳ್ಳಬೇಕು. ಅದಕ್ಕಾಗಿ ಚೀಲದ ಮೇಲೆ ದೊಡ್ಡ ಅಕ್ಷರದಲ್ಲಿ "ಇನ್ಸುಲಿನ್" ಎಂದು ಬರೆದ ಚೀಟಿ ಅಂಟಿಸಿ. ನೇರವಾಗಿ ಮಂಜುಗಡ್ಡೆಯ ಮೇಲೆ ಇಡಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಿತು. ಬಳಕೆಗೆ ತೆರೆದ ಬಾಟಲಿ ಸಾಮಾನ್ಯವಾಗಿ ಸುಮಾರು ನಾಲ್ಕು ವಾರ ಹೊರಗಿನ ತಂಪಿನಲ್ಲಿ ತಡೆಯುತ್ತದೆ. ನಿಮ್ಮದು ಎಷ್ಟು ದಿನ ಎಂಬುದನ್ನು ವೈದ್ಯರಲ್ಲಿ ಈಗಲೇ ಕೇಳಿ ಬರೆದುಕೊಳ್ಳಿ.

ಉಳಿದದ್ದು ಎಲ್ಲರಿಗೂ ಗೊತ್ತಿರುವುದೇ: ಪ್ಯಾರಾಸಿಟಮಾಲ್, ಹತ್ತಿ, ಬ್ಯಾಂಡೇಜ್, ಗಾಯದ ಮುಲಾಮು, ಶಿಲೀಂಧ್ರಕ್ಕೆ ಹಚ್ಚುವ ಮುಲಾಮು. ಮೂರು ದಿನ ಒದ್ದೆ ಕಾಲಿನಲ್ಲಿದ್ದರೆ ಬೆರಳ ಸಂದಿ ಬೆಂದುಹೋಗುತ್ತದೆ. ಜಿಗಣೆಗೆ ಒಂದು ಚಿಟಿಕೆ ಉಪ್ಪನ್ನು ಬಟ್ಟೆಯಲ್ಲಿ ಗಂಟು ಕಟ್ಟಿಟ್ಟರೆ ಸಾಕು. ಕೆಸರು ನೀರಿನಲ್ಲಿ ನಡೆದ ಮೇಲೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಇಲಿಜ್ವರ ಇರಬಹುದು. ಕಾಯದೆ ವೈದ್ಯರಿಗೆ ತೋರಿಸಿ, ನೀರಿನಲ್ಲಿ ನಡೆದದ್ದನ್ನು ತಪ್ಪದೆ ಹೇಳಿ.

ದಾಖಲೆಗಳ ಅಸಲು ಪ್ರತಿ ಇಡಬೇಕೆ, ಜೆರಾಕ್ಸ್ ಸಾಕೆ?

ಚೀಲದಲ್ಲಿ ಜೆರಾಕ್ಸ್. ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್‌ನ ಮೊದಲ ಪುಟ, ಪಹಣಿ, ಮನೆಯ ತೆರಿಗೆ ರಸೀದಿ, ವಿಮೆ, ಮಕ್ಕಳ ಅಂಕಪಟ್ಟಿ. ಅಸಲು ಪ್ರತಿಗಳು ಒಂದೇ ಜಾಗದಲ್ಲಿ, ಒಂದೇ ಪ್ಲಾಸ್ಟಿಕ್ ಫೈಲಿನಲ್ಲಿ, ಚೀಲದ ಪಕ್ಕದಲ್ಲೇ ಇರಲಿ. ಹೊರಡುವಾಗ ಕೈಗೆ ಸಿಕ್ಕರೆ ತೆಗೆದುಕೊಳ್ಳಿ. ಸಿಗದಿದ್ದರೆ ಬಿಟ್ಟು ನಡೆಯಿರಿ. ಆಧಾರ್ ಮತ್ತೆ ಮುದ್ರಿಸಿಕೊಳ್ಳಬಹುದು, ಪಹಣಿ ನಾಡಕಚೇರಿಯಲ್ಲಿ ಸಿಗುತ್ತದೆ, ನೋಂದಣಿಯಾದ ಕ್ರಯಪತ್ರದ ದೃಢೀಕೃತ ನಕಲು ಉಪನೋಂದಣಿ ಕಚೇರಿಯಲ್ಲಿ ಸಿಗುತ್ತದೆ. ಓಡಾಟ ಇದೆ, ನಿಜ. ಆದರೆ ಸಿಗುತ್ತದೆ.

ಡಿಜಿಲಾಕರ್‌ನಲ್ಲಿ ಮೊದಲೇ ಸೇರಿಸಿಡುವುದು ಒಳ್ಳೆಯ ಅಭ್ಯಾಸ. ಆದರೆ ಟವರ್ ಬಿದ್ದಾಗ ಅದು ತೆರೆಯುವುದಿಲ್ಲ, ಆದ್ದರಿಂದ ಕಾಗದವೂ ಇರಲಿ. 2019ರ ಪ್ರವಾಹದಲ್ಲಿ ನೀರು ನುಗ್ಗಿದ ಮನೆಗಳಿಗೆ ಸರ್ಕಾರ ತಕ್ಷಣದ ಪರಿಹಾರವೆಂದು 10,000 ರೂಪಾಯಿ ಕೊಟ್ಟಿತು. ಇಂಥ ಹಣ ಖಾತೆಗೆ ಬರಬೇಕಾದರೆ ಖಾತೆಯ ಸಂಖ್ಯೆ ಮತ್ತು ಗುರುತಿನ ದಾಖಲೆ ಬೇಕೇ ಬೇಕು. ಜೊತೆಗೆ ಮೇ ತಿಂಗಳಲ್ಲೇ ಮನೆಯ ನಾಲ್ಕೂ ಕಡೆ, ಒಳಗಿನ ಕೋಣೆ, ಕೊಟ್ಟಿಗೆ, ತೋಟದ ಫೋಟೊ ತೆಗೆದು ಬೇರೆ ಊರಿನ ನೆಂಟರೊಬ್ಬರಿಗೆ ಕಳಿಸಿಡಿ. ಮನೆ ಹೇಗಿತ್ತು ಎಂದು ತೋರಿಸಲು ಮುಂದೆ ಅದೇ ಸಾಕ್ಷಿ.

ಹಣ, ಒಡವೆ?

ಎರಡು ಮೂರು ಸಾವಿರ ರೂಪಾಯಿ, ಹತ್ತು, ಐವತ್ತು, ನೂರರ ನೋಟುಗಳಲ್ಲಿ. ನೆಟ್‌ವರ್ಕ್ ಇಲ್ಲದ ದಿನ ಫೋನಿನ ದುಡ್ಡು ನಡೆಯುವುದಿಲ್ಲ, ಐನೂರರ ನೋಟಿಗೆ ಚಿಲ್ಲರೆಯೂ ಸಿಗುವುದಿಲ್ಲ. ಒಡವೆಯನ್ನು ಮಳೆಗಾಲಕ್ಕೆ ಮುಂಚೆ ಬ್ಯಾಂಕಿನ ಲಾಕರ್‌ಗೆ ಸೇರಿಸಿ. ಒಡವೆಗಾಗಿ ಹಿಂದಿರುಗಿ ಒಳಗೆ ಹೋದವರ ಕತೆಗಳನ್ನು ನಾನು ಕೇಳಿದ್ದೇನೆ, ಅವನ್ನು ಇಲ್ಲಿ ಬರೆಯಲು ಮನಸ್ಸಿಲ್ಲ.

ಬೆಳಕು, ಫೋನ್, ರೇಡಿಯೊ?

ತಲೆಗೆ ಕಟ್ಟುವ ಟಾರ್ಚ್ ಕೊಳ್ಳಿ, ಕೈ ಬಿಡುವಾಗಿರುತ್ತದೆ. ಸೆಲ್‌ಗಳನ್ನು ಹೊರಗೆ ತೆಗೆದು ಪಕ್ಕದಲ್ಲಿಡಿ, ಒಳಗೇ ಬಿಟ್ಟರೆ ಸೋರಿ ತುಕ್ಕು ಹಿಡಿಯುತ್ತದೆ. 10,000 ಎಂಎಎಚ್‌ನ ಪವರ್ ಬ್ಯಾಂಕ್ ಒಂದು ಸಾಮಾನ್ಯ ಫೋನನ್ನು ಒಂದರಿಂದ ಒಂದೂವರೆ ಸಲ ತುಂಬುತ್ತದೆ. ಹಳೆಯ ಬಟನ್ ಫೋನ್ ಮನೆಯಲ್ಲಿದ್ದರೆ ಅದಕ್ಕೊಂದು ಸಿಮ್ ಹಾಕಿಡಿ, ಒಮ್ಮೆ ತುಂಬಿದ ಚಾರ್ಜು ದಿನಗಟ್ಟಲೆ ಬರುತ್ತದೆ. ಸಣ್ಣ ರೇಡಿಯೊ ಇರಲೇಬೇಕು. 2018ರಲ್ಲಿ ಫೋನುಗಳು ಸುಮ್ಮನಾದ ಮೇಲೆ ನಮಗೆ ಸುದ್ದಿ ತಂದದ್ದು ಮಡಿಕೇರಿ ಆಕಾಶವಾಣಿ.

ನಂಬರುಗಳನ್ನು ಕಾಗದದ ಮೇಲೆ ಬರೆದಿಡಿ. ಯಾವುದೇ ತುರ್ತಿಗೆ 112, ಆಂಬ್ಯುಲೆನ್ಸ್‌ಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಬಿದ್ದ ವಿದ್ಯುತ್ ತಂತಿಗೆ 1912. ಒಂದು ಶೀಟಿಯನ್ನು ಚೀಲದ ಪಟ್ಟಿಗೇ ಕಟ್ಟಿ. ಗಂಟಲು ಸೋತ ಮೇಲೂ ಶೀಟಿ ಕೂಗುತ್ತದೆ.

ಬಟ್ಟೆ, ಹೊದಿಕೆ, ಚಪ್ಪಲಿ?

ಒಂದು ಜೊತೆ ಒಣ ಬಟ್ಟೆ, ಎರಡು ಜೊತೆ ಒಳಉಡುಪು ಮತ್ತು ಕಾಲುಚೀಲ, ತೆಳು ಟವೆಲ್, ತಲೆಗೆ ಉಣ್ಣೆಯ ಟೋಪಿ. ಜೀನ್ಸ್ ಬೇಡ, ಒದ್ದೆಯಾದರೆ ಮೂರು ದಿನ ಒಣಗುವುದಿಲ್ಲ. ಮಲೆನಾಡಿನ ಕಂಬಳಿ ಕೊಪ್ಪೆಯಷ್ಟು ಬೆಚ್ಚಗಿನದು ಇನ್ನೊಂದಿಲ್ಲ, ಆದರೆ ನೆನೆದ ಕಂಬಳಿ ಬಹಳ ಭಾರ. ನಡೆಯುವಾಗ ಪ್ಲಾಸ್ಟಿಕ್ ಕೊಪ್ಪೆ ಸಾಕು. ಕಾಲಿಗೆ ಹಿಂದೆ ಪಟ್ಟಿಯಿರುವ ಚಪ್ಪಲಿ ಅಥವಾ ಕ್ಯಾನ್ವಾಸ್ ಶೂ. ಗಮ್ ಬೂಟ್ ತೋಟಕ್ಕೆ ಸರಿ. ಹರಿಯುವ ನೀರಿನಲ್ಲಿ ಅದರೊಳಗೆ ನೀರು ತುಂಬಿದರೆ ಕಾಲೆತ್ತಲು ಆಗುವುದಿಲ್ಲ.

ಹೆಣ್ಣುಮಕ್ಕಳಿಗೆ, ಮಗುವಿಗೆ ಬೇರೆ ಏನಾದರೂ?

ಎರಡು ತಿಂಗಳಿಗಾಗುವಷ್ಟು ಪ್ಯಾಡ್ ಅಥವಾ ಬಟ್ಟೆ, ಹಳೆಯ ಪತ್ರಿಕೆ ಒಂದಷ್ಟು, ಮತ್ತೊಂದು ಹಳೆಯ ಸೀರೆ. ಆ ಸೀರೆಯನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಶಿಬಿರದ ದೊಡ್ಡ ಹಾಲ್‌ನಲ್ಲಿ ನೂರು ಜನರ ನಡುವೆ ಬಟ್ಟೆ ಬದಲಿಸಲು, ಮಗುವಿಗೆ ಹಾಲೂಡಿಸಲು ಮರೆ ಬೇಕು. ಪಕ್ಕದ ಮನೆಯ ಚಿಕ್ಕಮ್ಮ ಕಿಟಕಿಯ ಸರಳಿನಿಂದ ಕಂಬಕ್ಕೆ ತಮ್ಮ ಹಸಿರು ಸೀರೆಯನ್ನು ಕಟ್ಟಿದರು. ಆ ಮೂಲೆ ಹತ್ತು ದಿನ ನಲವತ್ತು ಹೆಂಗಸರಿಗೆ ಆಸರೆಯಾಯಿತು. ಅದೇ ಸೀರೆ ಜೋಲಿಯಾಗುತ್ತದೆ, ಹಗ್ಗವಾಗುತ್ತದೆ, ಹೊದಿಕೆಯಾಗುತ್ತದೆ. ಮಗುವಿಗೆ ಅದರ ಲಸಿಕೆ ಕಾರ್ಡು ಮತ್ತು ಅದು ಹಿಡಿದು ಮಲಗುವ ಗೊಂಬೆ.

ಮನೆಯ ಹಿರಿಯರು ಹೊರಡಲು ಒಪ್ಪುವುದಿಲ್ಲ. ಏನು ಮಾಡುವುದು?

ಮಳೆ ಬಂದ ದಿನ ವಾದ ಮಾಡಬೇಡಿ, ಮೇ ತಿಂಗಳಲ್ಲಿ ಮಾತನಾಡಿ. ಚೀಲ ತುಂಬುವಾಗ ಅವರನ್ನೇ ಕೂರಿಸಿಕೊಂಡು, "ಅಜ್ಜಿ, ನಿಮಗೆ ಏನು ಬೇಕು?" ಎಂದು ಕೇಳಿ. ನಮ್ಮ ಅಜ್ಜಿ ಕೇಳಿದ್ದು ಅಜ್ಜನ ಫೋಟೊ ಮತ್ತು ವೀಳ್ಯದ ಸಣ್ಣ ಡಬ್ಬಿ. ಫೋಟೊವನ್ನು ಕಟ್ಟಿನಿಂದ ತೆಗೆದು ಲ್ಯಾಮಿನೇಟ್ ಮಾಡಿಸಿ ಅವರ ಚೀಲದಲ್ಲಿಟ್ಟೆವು. 2019ರ ಆಗಸ್ಟ್‌ನಲ್ಲಿ ಮತ್ತೆ ಹೊರಡಬೇಕಾದಾಗ ಚೀಲವನ್ನು ಮೊದಲು ಕೈಗೆತ್ತಿಕೊಂಡವರು ಅವರೇ.

ದನ, ನಾಯಿ?

ಹಗ್ಗ ಬಿಚ್ಚಿ. ಕೊಟ್ಟಿಗೆಯ ಬಾಗಿಲು ತೆರೆದಿಡಿ. ಕಟ್ಟಿದ ದನ ನಿಂತಲ್ಲೇ ಮುಳುಗುತ್ತದೆ, ಬಿಟ್ಟ ದನ ಎತ್ತರಕ್ಕೆ ಹತ್ತುತ್ತದೆ. ದನದ ಕಿವಿಗೆ ಹಾಕಿದ ಗುರುತಿನ ಓಲೆಯ ಸಂಖ್ಯೆ ಬರೆದಿಟ್ಟುಕೊಳ್ಳಿ. ನಾಯಿಯನ್ನು ಜೊತೆಗೆ ಕರೆದೊಯ್ಯಬಹುದಾದರೆ ಕರೆದೊಯ್ಯಿರಿ, ಇಲ್ಲದಿದ್ದರೆ ಸರಪಳಿಯಿಂದ ಬಿಡಿಸಿ.

ಯಾವಾಗ ಹೊರಡಬೇಕು? ಸರ್ಕಾರದವರು ಬಂದು ಹೇಳುವವರೆಗೆ ಕಾಯಬಹುದೇ?

ಹೇಳಿದ ಕೂಡಲೇ ಹೊರಡಬೇಕು, ಹೇಳದಿದ್ದರೂ ಗುಡ್ಡ ಹೇಳಿದರೆ ಹೊರಡಬೇಕು. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 204.4 ಮಿಲಿಮೀಟರ್ ಮೀರಿದರೆ ಅದು ಅತ್ಯಂತ ಭಾರಿ ಮಳೆ. ಕೆಂಪು ಎಚ್ಚರಿಕೆ ಎಂದರೆ ಶಾಲೆಗೆ ರಜೆ ಎಂದಷ್ಟೇ ಅರ್ಥವಲ್ಲ. ಆದರೆ ಅಂಕಿ ಜಿಲ್ಲೆಗೆ ಒಂದು, ಗುಡ್ಡ ನಿಮ್ಮ ಮನೆಯ ಹಿಂದಿನದು. ಮನೆಯ ಹಿಂದಿನ ಬರೆಯಲ್ಲಿ ಹೊಸ ಬಿರುಕು ಬಿದ್ದಿದೆಯೇ ನೋಡಿ. ತಿಳಿಯಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಾಯಿತೇ, ಹಿಂದೆ ಇಲ್ಲದ ಕಡೆ ನೀರು ಉಕ್ಕುತ್ತಿದೆಯೇ, ಸಿಲ್ವರ್ ಓಕ್ ಮರಗಳು ಒಂದೇ ಕಡೆ ವಾಲಿವೆಯೇ, ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತಿದೆಯೇ? ಎಲ್ಲಕ್ಕಿಂತ ಮುಖ್ಯವಾದದ್ದು ತೋಡಿನ, ಅಂದರೆ ಸಣ್ಣ ಹಳ್ಳದ, ನೀರು. ಮಳೆ ಜೋರಾಗಿ ಸುರಿಯುತ್ತಿರುವಾಗಲೇ ತೋಡಿನ ನೀರು ಇಳಿದರೆ ಮೇಲೆ ಎಲ್ಲೋ ಮಣ್ಣು ಅಡ್ಡ ಕಟ್ಟಿದೆ ಎಂದರ್ಥ. ಅದು ಒಡೆದು ಬರುವ ಮೊದಲು ತೋಡಿನ ದಾರಿಯಿಂದ ಪಕ್ಕಕ್ಕೆ, ಎತ್ತರಕ್ಕೆ ಸರಿಯಬೇಕು.

ಕತ್ತಲಾಗುವ ಮುಂಚೆ ಹೊರಡಿ. ನಮ್ಮ ನೆರೆಯ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಊರುಗಳ ಮೇಲೆ 2024ರ ಜುಲೈ 30ರಂದು ಗುಡ್ಡ ಬಂದದ್ದು ಜನ ಮಲಗಿದ್ದ ಹೊತ್ತಿನಲ್ಲಿ. ಸುಮ್ಮನೆ ಒಂದು ರಾತ್ರಿ ನೆಂಟರ ಮನೆಯಲ್ಲಿ ಮಲಗಿ ಬಂದರೆ ಯಾರೂ ಏನನ್ನೂ ಕಳೆದುಕೊಳ್ಳುವುದಿಲ್ಲ.

ನಮ್ಮದು ಚಿಕ್ಕೋಡಿ ಕಡೆ. ಅಲ್ಲಿ ಗುಡ್ಡ ಇಲ್ಲ, ಹೊಳೆ ಇದೆ. ಇದೇ ಚೀಲ ಆಗುತ್ತದೆಯೇ?

ಚೀಲ ಅದೇ, ಸಮಯದ ಲೆಕ್ಕ ಬೇರೆ. ಕೃಷ್ಣೆ, ದೂಧಗಂಗಾ, ವೇದಗಂಗಾ ತುಂಬುವುದು ಮಹಾರಾಷ್ಟ್ರದ ಮಳೆಯಿಂದ. ನಿಮ್ಮ ಊರಿನಲ್ಲಿ ಬಿಸಿಲಿದ್ದರೂ ನೀರು ಬರಬಹುದು. ಆದರೆ ಕೊಯ್ನಾದಂಥ ಅಣೆಕಟ್ಟುಗಳಿಂದ ನೀರು ಬಿಡುವ ಸುದ್ದಿ ಸಾಮಾನ್ಯವಾಗಿ ಮುಂಚೆಯೇ ಸಿಗುತ್ತದೆ. ಟ್ರ್ಯಾಕ್ಟರ್ ಇದ್ದವರು ಕಾಳು, ದನ ಎರಡನ್ನೂ ಸಾಗಿಸಬಹುದು. ಅಪಾಯ ಇರುವುದು "ಹೋದ ಸಲ ಕಟ್ಟೆಯವರೆಗೆ ಬಂದಿತ್ತು, ಈ ಸಲವೂ ಅಷ್ಟೇ" ಎಂಬ ನಂಬಿಕೆಯಲ್ಲಿ. ಹಿಂದಿನ ಪ್ರವಾಹದ ನೀರಿನ ಗುರುತನ್ನು ನಂಬಿ ಕುಳಿತ ಎಷ್ಟೋ ಮನೆಗಳಲ್ಲಿ 2019ರ ನೀರು ಆ ಗುರುತನ್ನು ದಾಟಿತು.

ಬೆಂಗಳೂರಿನ ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ?

2022ರ ಸೆಪ್ಟೆಂಬರ್‌ನಲ್ಲಿ ಮಹದೇವಪುರದ ಕಡೆ ಟ್ರ್ಯಾಕ್ಟರ್ ಮೇಲೆ ಹೊರಬಂದವರು ಈ ಪ್ರಶ್ನೆ ಕೇಳುವುದಿಲ್ಲ. ನೆಲಮಾಳಿಗೆಯಲ್ಲಿ ನೀರು ನಿಂತರೆ ಲಿಫ್ಟ್, ಪಂಪು ಎರಡೂ ನಿಲ್ಲುತ್ತವೆ. ಕುಡಿಯುವ ನೀರು ಹೆಚ್ಚಿಗೆ ಇಟ್ಟುಕೊಳ್ಳಿ, ವಾಹನ ತರಲೆಂದು ನೆಲಮಾಳಿಗೆಗೆ ಇಳಿಯಬೇಡಿ.

ಚೀಲವನ್ನು ಎಲ್ಲಿಡಬೇಕು? ಎಷ್ಟು ದಿನಕ್ಕೊಮ್ಮೆ ತೆರೆಯಬೇಕು?

ಹೊರಗೆ ಹೋಗುವ ಬಾಗಿಲ ಹಿಂದೆ, ಎದೆಮಟ್ಟದ ಮೊಳೆಗೆ. ಅಟ್ಟದ ಮೇಲಲ್ಲ. ಮೇ ಕೊನೆಯಲ್ಲಿ ಪೂರ್ತಿ ಸುರಿದು ಬಿಸಿಲಿಗೆ ಹಾಕಿ, ತಿಂಡಿ ಬದಲಿಸಿ, ಮಾತ್ರೆಯ ದಿನಾಂಕ ನೋಡಿ, ಮಕ್ಕಳ ಬಟ್ಟೆ ಈಗಿನ ಅಳತೆಗೆ ಸರಿಯಿದೆಯೇ ನೋಡಿ. ಪವರ್ ಬ್ಯಾಂಕನ್ನು ಮೂರು ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ಹಳೆಯ ಚಿಕ್ಕಿಯನ್ನು ಮಕ್ಕಳಿಗೆ ಕೊಡಿ, ಚೀಲ ತೆರೆಯುವ ದಿನಕ್ಕಾಗಿ ಅವರೇ ಕಾಯುತ್ತಾರೆ.

ಚೀಲ ಹೆಗಲಿಗೆ ಏರಿತು. ಬಾಗಿಲು ದಾಟುವ ಮುಂಚೆ ಏನಾದರೂ ಉಳಿದಿದೆಯೇ?

ಕೈ ಒಣಗಿದ್ದು, ನೆಲದಲ್ಲಿ ನೀರಿಲ್ಲದಿದ್ದರೆ ಮೇನ್ ಸ್ವಿಚ್ ಆರಿಸಿ. ಗ್ಯಾಸ್ ರೆಗ್ಯುಲೇಟರ್ ತಿರುಗಿಸಿ ಬಂದ್ ಮಾಡಿ. ಆಮೇಲೆ ಬಾಗಿಲಿನ ಮೇಲೆ, ಮಳೆ ತಾಗದ ಎತ್ತರದಲ್ಲಿ, ಸೀಮೆಸುಣ್ಣದಿಂದ ಬರೆಯಿರಿ: ಎಷ್ಟು ಜನ ಹೊರಟಿರಿ, ಯಾವ ಕಡೆಗೆ, ಯಾವ ದಿನ, ಎಷ್ಟು ಗಂಟೆಗೆ. ನಾವು 2018ರಲ್ಲಿ ಬರೆಯಲಿಲ್ಲ. ಮರುದಿನ ನಮ್ಮನ್ನು ಹುಡುಕಿಕೊಂಡು ನಾಲ್ವರು ಹುಡುಗರು ಹಗ್ಗ ಹಿಡಿದು, ಕುಸಿದ ಬರೆಯನ್ನು ದಾಟಿ ನಮ್ಮ ಖಾಲಿ ಮನೆಗೆ ಬಂದಿದ್ದರು. ನಮ್ಮ ಚೀಲದ ಹೊರ ಜೇಬಿನಲ್ಲಿ ಈಗ ಎರಡು ತುಂಡು ಸೀಮೆಸುಣ್ಣ ಇದೆ.